ರಾಣಿಯ ಕನ್ನಡಿಯ ಹಿಂದೆ

“ಇಷ್ಟು ದೊಡ್ಡ ಅರಮನೆ, ಒಂದು ಗುಪ್ತ ಬಾಗಿಲೂ ಇಲ್ವೇನಪ್ಪಾ?”

ರಾಣಿಯ ಅಲಂಕಾರದ ಕೋಣೆಯಲ್ಲಿ ಕೋಲೂರಿ ನಿಂತ ಅಜ್ಜಿಯೊಬ್ಬರು ಇಷ್ಟು ಕೇಳದೇ ಹೋಗಿದ್ದರೆ, ಚಕ್ರಣ್ಣನ ಆ ದಿನವೂ ಉಳಿದ ದಿನಗಳ ಹಾಗೆ ಓಡೋಡಿಯೇ ಮುಗಿದುಹೋಗುತ್ತಿತ್ತು.

ಚಕ್ರಣ್ಣ ಆ ಅರಮನೆಯ ಗೈಡು. ಈಗ ಅಲ್ಲಿ ರಾಜನೂ ಇಲ್ಲ, ರಾಣಿಯೂ ಇಲ್ಲ. ಸರ್ಕಾರ ಅದನ್ನು ಮ್ಯೂಸಿಯಂ ಮಾಡಿ ಟಿಕೆಟ್ ಇಟ್ಟಿದೆ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಒಂದು ಕಡೆ ನಿಲ್ಲದೆ ಸುತ್ತುತ್ತಿದ್ದುದರಿಂದ ಜೊತೆಯವರು ಚಕ್ರಣ್ಣ ಎಂದರು, ಅದೇ ಅಂಟಿಕೊಂಡಿತು. ಸಿಂಹಾಸನ ತೋರಿಸುವಾಗಲೇ ಅವನ ಒಂದು ಕಾಲು ಆಯುಧಶಾಲೆಯಲ್ಲಿರುತ್ತಿತ್ತು. ಪ್ರವಾಸಿಗರು ಚಿತ್ರಪಟದ ಮುಂದೆ ನಿಂತು “ಇದು ಯಾರು?” ಎಂದು ಕೇಳುವ ಹೊತ್ತಿಗೆ ಅವನ ಉತ್ತರ ಮೆಟ್ಟಿಲಿನ ಕಡೆಯಿಂದ ಕೇಳಿಬರುತ್ತಿತ್ತು. “ನಾವು ನೋಡಿದ್ದು ಅರಮನೆಯಲ್ಲ, ಗೈಡಿನ ಬೆನ್ನು” ಎಂದು ಜನ ದೂರು ಕೊಟ್ಟು ಹೋಗುತ್ತಿದ್ದರು. ಆ ದೂರುಗಳ ಪುಣ್ಯದಿಂದ ಅವನ ಕೆಲಸ ಕಾಯಂ ಆಗದೆ ಹಾಗೇ ತೂಗುತ್ತಿತ್ತು.

ಆ ದಿನ ಬೆಳಿಗ್ಗೆ ಸೂಪರಿಂಟೆಂಡೆಂಟ್ ಮೇಡಂ ಅವನನ್ನು ಕರೆದು ಹೇಳಿದ್ದರು: “ನೋಡ್ರಿ, ಸಂಜೆ ಮೇಲಿನವರ ಜೊತೆ ನಿಮ್ಮ ಕಾಯಂ ವಿಷಯ ಮಾತಾಡ್ತಾ ಇದ್ದೀನಿ. ಇವತ್ತು ಒಂದೇ ಒಂದು ದೂರು ಬಂತೋ, ಆ ಮಾತನ್ನ ಅಲ್ಲಿಗೇ ಮರೆತುಬಿಡಿ.”

ಮನೆಯಲ್ಲಿ ಹೆಂಡತಿಯೂ ಹೊರಡುವಾಗ ಹೇಳಿ ಕಳಿಸಿದ್ದಳು: “ಇವತ್ತೊಂದು ದಿನ ನಿಧಾನಕ್ಕೆ ನಡೀರಿ. ನಿಮ್ಮ ಕಾಲಿಗೆ ಕೈ ಮುಗೀತೀನಿ. ನಿಮಗಲ್ಲ, ನಿಮ್ಮ ಕಾಲಿಗೆ.”

ಹಾಗಾಗಿ ಚಕ್ರಣ್ಣ ಬೆಳಿಗ್ಗೆಯಿಂದ ಮೈಮೇಲೆ ಇರುವೆ ಬಿಟ್ಟುಕೊಂಡವನಂತೆ ಒದ್ದಾಡುತ್ತ, ಆದರೂ ನಿಧಾನವಾಗಿ ನಡೆಯುತ್ತಿದ್ದ. ಅಂಥ ಹೊತ್ತಿನಲ್ಲಿ ಈ ಅಜ್ಜಿ.

“ಗುಪ್ತ ಬಾಗಿಲು ಅಂತ ಏನೂ ಇಲ್ಲಮ್ಮ. ಬನ್ನಿ, ಮುಂದೆ ಭೋಜನಶಾಲೆ ಇದೆ.”

“ಇಲ್ವಾ?” ಅಜ್ಜಿ ಅಲ್ಲೇ ನಿಂತರು. “ಎದುರಿಗೆ ಕಾಣೋ ಬಾಗಿಲು ನಮ್ಮ ಮನೇಲೂ ಇದೆ. ಅದನ್ನ ನೋಡೋಕೆ ಟಿಕೆಟ್ ತಗೊಂಡು, ಮಂಡಿ ನೋವಿಟ್ಕೊಂಡು ಇಷ್ಟು ಮೆಟ್ಟಿಲು ಹತ್ತಿ ಬರ್ಬೇಕಿತ್ತಾ? ಇದು ಮೋಸ. ದೂರು ಎಲ್ಲಿ ಕೊಡೋದು?”

ದೂರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಚಕ್ರಣ್ಣನ ಬಾಯಿ ಅವನನ್ನು ಕೇಳದೆಯೇ ತೆರೆದುಕೊಂಡಿತು.

“ಇದೆ ಇದೆ! ಇಲ್ಲಾಂತ ಯಾರು ಹೇಳಿದ್ರು? ಎಲ್ಲರಿಗೂ ತೋರ್ಸಲ್ಲ, ಅಷ್ಟೆ. ಅಗೋ, ಆ ಕನ್ನಡಿ ಹಿಂದೆ. ಗುಪ್ತ ಕೋಣೆ. ಈಗ ಮುಚ್ಚಿದೆ, ತೆಗೆಯೋ ಹಾಗಿಲ್ಲ. ಬನ್ನಿ, ಹೊರಡೋಣ.”

ಗೋಡೆಗೆ ಒರಗಿದ್ದ ಆಳೆತ್ತರದ ಕನ್ನಡಿಯ ಕಡೆಗೆ ಬೆರಳು ತೋರಿಸಿದ್ದಕ್ಕೆ ಬೇರೆ ಕಾರಣವೇನೂ ಇರಲಿಲ್ಲ. ಅದು ಎದುರಿಗಿತ್ತು. ಅಜ್ಜಿಯ ಎದುರಿಗೆ ಕಿಟಕಿ ಇದ್ದಿದ್ದರೆ ಅವನು ಕಿಟಕಿಯನ್ನೇ ತೋರಿಸುತ್ತಿದ್ದ.

ಅಜ್ಜಿಯ ಮುಖ ಅರಳಿತು. ಅಲ್ಲಿಗೆ ಬೀಸುವ ದೊಣ್ಣೆ ತಪ್ಪಿತೆಂದು ಅವನು ಭೋಜನಶಾಲೆಯ ಕಡೆಗೆ ತಿರುಗಿದ. ಹಿಂದೆ ಒಂದು ಹೆಜ್ಜೆಯ ಸದ್ದೂ ಕೇಳಲಿಲ್ಲ. ತಿರುಗಿ ನೋಡಿದರೆ ಗುಂಪಿನಲ್ಲಿದ್ದ ಬೋಳುತಲೆಯ ಯಜಮಾನರೊಬ್ಬರು ಜೇಬಿನಿಂದ ಅಳತೆ ಟೇಪು ಹೊರತೆಗೆಯುತ್ತಿದ್ದರು.

“ನಾನು ರಿಟೈರ್ಡ್ ಇಂಜಿನಿಯರ್ರು. ಗೋಡೆ ಸುಳ್ಳು ಹೇಳಬಹುದು, ಟೇಪ್ ಹೇಳಲ್ಲ,” ಎಂದರು ಅವರು.

“ರೀ, ಮದುವೆ ಮನೇಲೂ ಟೇಪು, ಇಲ್ಲೂ ಟೇಪು. ಒಳಗಿಡ್ರೀ,” ಎಂದು ಅವರ ಹೆಂಡತಿ ಗದರಿದರು. ಯಜಮಾನರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಕೋಣೆ ಅಳೆದರು, ಪಕ್ಕದ ಕೋಣೆ ಅಳೆದರು, ಹೊರಗಿನ ಮೊಗಸಾಲೆಯನ್ನು ಮಂಡಿಯೂರಿ ಅಳೆದರು. ಚಕ್ರಣ್ಣ “ಸಾರ್, ಮುಂದಿನ ಗುಂಪು ಬರುತ್ತೆ, ಸಾರ್,” ಎಂದು ಅವರ ಹಿಂದೆ ಮುಂದೆ ಕಾಲು ಸುಟ್ಟ ಬೆಕ್ಕಿನಂತೆ ಸುತ್ತಾಡಿದ. ಕೊನೆಗೆ ಅವರು ಎದ್ದು ನಿಂತು ಘೋಷಿಸಿದರು:

“ಲೆಕ್ಕ ಕೂಡ್ತಾ ಇಲ್ಲ! ಹೊರಗಿನ ಉದ್ದಕ್ಕೂ ಒಳಗಿನ ಉದ್ದಕ್ಕೂ ಒಂದು ಆಳು ಕಾಲು ಚಾಚಿ ಮಲಗೋವಷ್ಟು ವ್ಯತ್ಯಾಸ. ಈ ಗೋಡೆ ಅಷ್ಟು ದಪ್ಪ ಇರ್ಬೇಕು. ಅಷ್ಟು ದಪ್ಪ ಗೋಡೆ ಯಾಕ್ರೀ ಕಟ್ತಾರೆ? ಆನೆ ಬೆನ್ನು ತಿಕ್ಕೋಕಾ?”

ಗುಂಪು ಹೋ ಎಂದಿತು. ಚಕ್ರಣ್ಣ ಆಡಿದ ಸುಳ್ಳು ನಾಲಿಗೆಯಿಂದಿಳಿದು ಗೋಡೆಯೊಳಗೆ ಹೊಕ್ಕು ಕುಳಿತ ಹಾಗಿತ್ತು. ಯಾರಾದರೂ ಬುದ್ಧಿ ಹೇಳಬಲ್ಲವರಿದ್ದರೆ ಅದು ಟಿಕೆಟ್ ಕೌಂಟರಿನ ಅಕ್ಕ ಎಂದುಕೊಂಡು ಅವನು ಮೆಟ್ಟಿಲು ಧುಮುಕಿ ಓಡಿದ.

“ಅಕ್ಕಾ, ಒಂದು ಅನಾಹುತ ಆಗೋಯ್ತು. ಕನ್ನಡಿ ಹಿಂದೆ ಗುಪ್ತ ಕೋಣೆ ಇದೆ ಅಂತ...”

ಅನ್ನಬಾರದಿತ್ತು, ಅಂದುಬಿಟ್ಟೆ ಎಂಬ ಉಳಿದ ಮಾತು ಅವನ ಗಂಟಲಲ್ಲೇ ಉಳಿಯಿತು. ಅಕ್ಕ ಕೌಂಟರಿನ ಕಿಂಡಿಯಿಂದ ಅರ್ಧ ಮೈ ಹೊರಗೆ ಚಾಚಿ, ಸಾಲಿನಲ್ಲಿ ನಿಂತಿದ್ದವರಿಗೆ ಆಗಲೇ ಹೇಳತೊಡಗಿದ್ದಳು: “ಕೇಳಿದ್ರಾ? ಗುಪ್ತ ಕೋಣೆ ಸಿಕ್ಕಿದೆಯಂತೆ! ಒಳಗೆ ಚಿನ್ನದ ತೊಟ್ಟಿಲು ಇದ್ರೂ ಇರಬಹುದು. ರಾಣಿಗೆ ಮಗು ಇತ್ತಲ್ವಾ, ತೊಟ್ಟಿಲು ಎಲ್ಲೋಯ್ತು ಮತ್ತೆ?”

ಸಾಲಿನ ತುದಿ ಮುಟ್ಟುವ ಹೊತ್ತಿಗೆ ‘ಇದ್ರೂ ಇರಬಹುದು’ ಉದುರಿಹೋಗಿ ಚಿನ್ನದ ತೊಟ್ಟಿಲು ಮಾತ್ರ ಉಳಿದಿತ್ತು. ಗೇಟು ಕಾಯುವ ಮಾಮ ಅದನ್ನು ಅಲ್ಲಿಗೇ ಬಿಡುವವನಲ್ಲ.

“ತೊಟ್ಟಿಲು ಏನು ಮಹಾ! ಬೆಳ್ಳಿ ಮಂಚ ಇದೆ ಅಂತ ನಮ್ಮಜ್ಜ ಹೇಳ್ತಿದ್ದ. ನಾನೇ ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆ,” ಎಂದ. ಮಾಮ ಬಾಯಿಗೆ ಬೀಗ ಹಾಕಿಕೊಂಡಿದ್ದನ್ನು ಅರಮನೆಯಲ್ಲಿ ಯಾರೂ ಯಾವತ್ತೂ ಕಂಡಿರಲಿಲ್ಲ. ಅವನ ಅಜ್ಜ ಈ ಊರಿನವನೂ ಅಲ್ಲ.

ಚಕ್ರಣ್ಣ ಮತ್ತೆ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅಲಂಕಾರದ ಕೋಣೆ ಸಂತೆಯಾಗಿತ್ತು. ಜನರ ನಡುವೆ ಸೂಪರಿಂಟೆಂಡೆಂಟ್ ಮೇಡಂ ನಿಂತಿದ್ದರು. ಇಂಜಿನಿಯರ್ ಟೇಪು ಹಿಡಿದು ಮೇಡಂಗೆ ಪಾಠ ಮಾಡುತ್ತಿದ್ದರು.

“ಇಲ್ಲಿ ಕೋಣೆ ಇದೆ ಅಂತ ಮೊದಲು ಹೇಳಿದ್ದು ಯಾರು?” ಮೇಡಂ ಕೇಳಿದರು.

ಇಡೀ ಕೋಣೆಯ ಬೆರಳುಗಳು ಚಕ್ರಣ್ಣನ ಕಡೆ ತಿರುಗಿದವು.

ಅತ್ತ ದರಿ, ಇತ್ತ ಪುಲಿ. ಸುಳ್ಳು ಹೇಳಿದೆ ಎಂದರೆ ಅಜ್ಜಿಯ ದೂರು; ನಿಜ ಎಂದರೆ ಕೋಣೆ ತೋರಿಸಬೇಕು. ಅವನು ನಡುದಾರಿ ಹಿಡಿದ. “ಹಿರಿಯರು ಹಾಗೆ ಹೇಳ್ತಿದ್ರು ಮೇಡಂ... ಕೇಳಿದ್ದು... ಇದ್ರೂ ಇರಬಹುದು, ಇಲ್ದೇನೂ ಇರಬಹುದು.”

“ಇಲ್ದೇ ಇದ್ರೆ ಇಷ್ಟು ಜನಕ್ಕೆ ನಾನು ಏನು ಹೇಳ್ಲಿ? ಬಡಗೀನ ಕರೀರಿ,” ಎಂದರು ಮೇಡಂ.

ಕೆಳಗೆ ಮೆಟ್ಟಿಲಿನ ಮರದ ಕಟಕಟೆ ರಿಪೇರಿ ಮಾಡುತ್ತಿದ್ದ ಬಡಗಿ ಬಂದ. ಕನ್ನಡಿಯನ್ನು ನಾಲ್ಕು ಜನ ಹಿಡಿದು ಪಕ್ಕಕ್ಕೆ ಸರಿಸಿದರು. ಹಿಂದೆ ಮರದ ಹಲಗೆಯ ಗೋಡೆ. ಅದರ ತುಂಬ ಹೂಬಳ್ಳಿಯ ಕೆತ್ತನೆ. ಹಿಡಿಯಿಲ್ಲ, ಬೀಗವಿಲ್ಲ, ಸಂದಿಯಿಲ್ಲ. ಬಡಗಿ ಬೆರಳಿನಿಂದ ತಟ್ಟಿದ, ಕಿವಿಯಿಟ್ಟ, ಮೂಗಿನಿಂದ ಮೂಸಿಯೂ ನೋಡಿದ.

“ಒಡೆದು ನೋಡ್ಬೇಕಷ್ಟೆ,” ಎಂದ.

“ಒಡೆಯೋಕೆ ನಾನು ಬಿಡಲ್ಲ,” ಎಂದರು ಮೇಡಂ.

ಚಕ್ರಣ್ಣನಿಗೆ ಹೋದ ಜೀವ ಬಂದಂತಾಯಿತು. ಒಡೆಯದಿದ್ದರೆ ಸುಳ್ಳು ಗೋಡೆಯೊಳಗೇ ಕ್ಷೇಮ! ಆ ಸಂತೋಷದಲ್ಲಿ ಅವನು ಒಂದು ಹೆಜ್ಜೆ ಹಿಂದಿಟ್ಟ. ನೆಲದ ಮೇಲೆ ಹಾಸಿದ್ದ ಇಂಜಿನಿಯರರ ಟೇಪು ಕಾಲಿಗೆ ಸುತ್ತಿಕೊಂಡಿತು. ಅವರು ಅದೇ ಗಳಿಗೆಯಲ್ಲಿ ಗುಂಡಿ ಒತ್ತಿದರು, ಟೇಪು ಸರ್ರನೆ ಒಳಗೆ ಸರಿಯಿತು. ಚಕ್ರಣ್ಣ ಗಾಳಿಪಟದ ಹಾಗೆ ತೇಲಾಡಿ, ಬೀಳದಿರಲು ಸಿಕ್ಕಿದ್ದನ್ನು ಹಿಡಿದುಕೊಂಡ. ಸಿಕ್ಕಿದ್ದು ಕೆತ್ತನೆಯ ಒಂದು ಹೂವು. ಹೂವು ಅವನ ಕೈಯಲ್ಲಿ ಗರಕ್ಕೆಂದು ತಿರುಗಿತು. ಹಲಗೆಯ ಗೋಡೆ ಹಸು ಮಗ್ಗುಲು ಬದಲಿಸಿದ ಹಾಗೆ ನಿಧಾನವಾಗಿ ಒಳಕ್ಕೆ ಸರಿಯಿತು. ಚಕ್ರಣ್ಣನೂ ಅದರ ಜೊತೆಗೆ ಒಳಗೆ ಹೋಗಿ ಮುಗ್ಗರಿಸಿದ.

ಆಮೇಲೆ ಚಪ್ಪಾಳೆಯೋ ಚಪ್ಪಾಳೆ!

“ನೋಡಿದ್ರಾ! ಸಾವಿರ ಹೂವಲ್ಲಿ ಆ ಒಂದು ಹೂವನ್ನೇ ಹಿಡಿದ!” ಎಂದು ಬಡಗಿ ತಲೆದೂಗಿದ.

ಧೂಳಿನಲ್ಲಿ ಕುಳಿತ ಚಕ್ರಣ್ಣನಿಗೆ ತನ್ನ ಕಣ್ಣುಗಳನ್ನೇ ನಂಬಲಾಗಲಿಲ್ಲ. ಕೋಣೆ! ನಿಜವಾದ ಗುಪ್ತ ಕೋಣೆ! ಹೇಳಿದ ಸುಳ್ಳು ನಿಜವಾಗಿಬಿಟ್ಟಿತ್ತು. ಅವನು ಬಟ್ಟೆ ಕೊಡವಿಕೊಂಡು ಎದ್ದ. ಮೈಯಲ್ಲಿ ಹೊಸ ಗತ್ತು ಬಂದಿತ್ತು. ದೂರು ಇಲ್ಲ, ಸುಳ್ಳೂ ಇಲ್ಲ, ಸಂಜೆಗೆ ಕೆಲಸ ಕಾಯಂ. ಹೊಸಿಲಲ್ಲಿ ನಿಂತು ಅವನು ಕೈ ಚಾಚಿ, “ಬನ್ನಿ, ಒಬ್ಬೊಬ್ರೇ ಬನ್ನಿ,” ಎಂದು ಜೀವನದಲ್ಲಿ ಮೊದಲ ಸಲ ಸಾವಕಾಶವಾಗಿ ಹೇಳಿದ.

ಮೊದಲು ಬಂದವರು ಮೇಡಂ. ಟಾರ್ಚು ಹಾಕಿ ಸುತ್ತ ನೋಡಿದರು. ನಾಲ್ಕು ಗೋಡೆ. ಮೂಲೆಯಲ್ಲಿ ಕೆಳಗಿಳಿಯುವ ಕಿರಿದಾದ ಕಲ್ಲು ಮೆಟ್ಟಿಲು. ಅಷ್ಟು ಬಿಟ್ಟರೆ ಕೋಣೆ ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿ.

“ತೊಟ್ಟಿಲು ಎಲ್ಲಿ?” ಅಷ್ಟರಲ್ಲಿ ಮೇಲೆ ಬಂದಿದ್ದ ಟಿಕೆಟ್ ಅಕ್ಕ ಕೇಳಿದಳು.

“ಮಂಚ ಎಲ್ಲಿ?” ಗೇಟು ಮಾಮ ಕೇಳಿದ. ಕೇಳುವಾಗ ಅವನ ದನಿ, ತಾನೇ ನಿನ್ನೆ ರಾತ್ರಿ ಆ ಮಂಚದ ಮೇಲೆ ಮಲಗಿದ್ದವನಂತೆ ನಡುಗುತ್ತಿತ್ತು.

ಮೇಡಂ ಟಾರ್ಚನ್ನು ನಿಧಾನವಾಗಿ ಚಕ್ರಣ್ಣನ ಮುಖಕ್ಕೆ ತಿರುಗಿಸಿದರು. “ಈ ಕೋಣೆ ನಿಮಗೆ ಎಷ್ಟು ದಿನದಿಂದ ಗೊತ್ತು?”

ಚಕ್ರಣ್ಣನ ಗತ್ತು ಕೊಡವಿದ ಧೂಳಿನ ಜೊತೆಗೇ ಕೆಳಗಿಳಿಯಿತು. “ಗೊತ್ತೇ ಇರ್ಲಿಲ್ಲ ಮೇಡಂ! ದೇವರಾಣೆ, ನಾನು ಸುಳ್ಳು ಹೇಳಿದ್ದು. ಬಾಯಿಗೆ ಬಂದದ್ದು ಹೇಳಿದೆ. ಶುದ್ಧ ಸುಳ್ಳು!”

“ಸುಳ್ಳು ಹೇಳಿದ್ರೆ ಕೋಣೆ ಎಲ್ಲಿಂದ ಬಂತು?”

ಅವನ ನೆರವಿಗೆ ಬಂದವರು ಅಜ್ಜಿಯೇ. ಕೋಲು ಕುಟ್ಟುತ್ತ ಮುಂದೆ ಬಂದು, “ಯಾಕಮ್ಮಾ ಆ ಪಾಪದವನನ್ನ ಗದರಿಸ್ತೀಯ? ಸುಳ್ಳು ಹೇಳೋ ಮುಖ ಏನು ಅದು? ನಾನು ಕೇಳಿದ ತಕ್ಷಣ, ಈ ಕನ್ನಡಿ ಹಿಂದೆ ಅಂತ ಬೆರಳು ಮಾಡಿ ತೋರ್ಸಿದ. ಎಲ್ಲರಿಗೂ ತೋರ್ಸಲ್ಲ ಅಂತಾನೂ ಅಂದ. ದಿನಾ ಬಂದು ಹೋಗೋನಿಗಲ್ದೆ ಬೇರೆಯವರಿಗೆ ಅಷ್ಟು ಖಡಾಖಂಡಿತ ಹೇಳೋಕಾಗುತ್ತಾ?” ಎಂದರು.

“ಅಜ್ಜಿ, ದಯವಿಟ್ಟು ನನ್ನ ಪರ ಮಾತಾಡ್ಬೇಡಿ,” ಎಂದು ಚಕ್ರಣ್ಣ ಅಳುವ ದನಿಯಲ್ಲಿ ಬೇಡಿಕೊಂಡ.

ಇಂಜಿನಿಯರ್ ಆಗಲೇ ಕಲ್ಲು ಮೆಟ್ಟಿಲು ಇಳಿದುಹೋಗಿದ್ದರು. ಸ್ವಲ್ಪ ಹೊತ್ತಿಗೆ ಅವರ ದನಿ ಕಿಟಕಿಯ ಹೊರಗಿನಿಂದ, ತೋಟದ ಕಡೆಯಿಂದ ಕೇಳಿಸಿತು. “ದಾರಿ ಇಲ್ಲಿಗೆ ಬರುತ್ತೆ! ಹಿತ್ತಲ ಗೋಡೆ ಪೊದೆ ಹಿಂದೆ! ಇಲ್ಲೊಂದು ಸೈಕಲ್ ನಿಂತಿದೆ!”

“ಅದು ಚಕ್ರಣ್ಣಂದೇ,” ಎಂದು ತೋಟದ ಮಾಲಿ ಕೆಳಗಿನಿಂದ ಕೂಗಿ ಹೇಳಿದ. “ದಿನಾ ಅಲ್ಲೇ ನಿಲ್ಸೋದು. ನೆರಳಿದೆ ಅಂತಾನೆ.”

“ನೆರಳಂತೆ!” ಎಂದು ಜನ ಮುಖ ಮುಖ ನೋಡಿಕೊಂಡರು. ಚಕ್ರಣ್ಣ ಯಾಕೋ ತನ್ನ ಎರಡೂ ಹೆಗಲುಗಳನ್ನು ಮುಟ್ಟಿ ನೋಡಿಕೊಂಡ.

“ಸೈಕಲ್ ಮೇಲೆ ಮಂಚ ಹೇಗ್ರೀ ಸಾಗಿಸ್ಲಿ?” ಎಂದು ಅವನು ಕೊನೆಯ ಹುಲ್ಲುಕಡ್ಡಿ ಹಿಡಿದ.

“ಅಂದ್ರೆ ಬಿಚ್ಚಿ ಸಾಗಿಸಿದ್ದಾನೆ,” ಎಂದ ಬಡಗಿ. “ನಾನಾಗಿದ್ರೂ ಬಿಚ್ಚೇ ಸಾಗಿಸ್ತಿದ್ದೆ.”

ಮೇಡಂ ಟಾರ್ಚು ಆರಿಸಿದರು. “ಇವತ್ತು ನಿಮ್ಮ ಮೇಲೆ ಒಂದೂ ದೂರು ಬಂದಿಲ್ಲ, ಅದನ್ನ ಒಪ್ಕೋತೀನಿ,” ಎಂದರು. “ಆದರೆ ಇದು ವಿಚಾರಣೆ ಆಗೋ ವಿಷಯ. ಮುಗಿಯೋವರೆಗೂ ನೀವು ಅರಮನೆ ಕಡೆ ಬರೋದು ಬೇಡ. ಸೈಕಲ್ಲೂ ಇಲ್ಲೇ ಇರ್ಲಿ.”

ಚಕ್ರಣ್ಣ ನಡೆದುಕೊಂಡೇ ಮನೆಗೆ ಹೊರಟ. ಅಷ್ಟು ನಿಧಾನವಾಗಿ ಅವನು ಹಿಂದೆಂದೂ ನಡೆದಿರಲಿಲ್ಲ. ಬೀದಿಯ ಮೂಲೆಯ ಹಜಾಮ ಕತ್ತರಿ ನಿಲ್ಲಿಸಿ ನೋಡಿದ. ಎದುರು ಮನೆಯವರು, ವರ್ಷಗಳಿಂದ ಮಾತು ಬಿಟ್ಟವರು, ಎದ್ದು ನಿಂತು “ಬನ್ನಿ, ಕೂತು ಹೋಗಿ,” ಎಂದು ಕರೆದರು. ಸುದ್ದಿಗೆ ಅವನಿಗಿಂತ ದೊಡ್ಡ ಚಕ್ರ ಇತ್ತು.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಬೈಯುತ್ತಾಳೆಂದುಕೊಂಡರೆ ಬೈಯಲಿಲ್ಲ. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದಳು. ತಣ್ಣನೆಯ ನೀರು ಕೊಟ್ಟಳು. ಬಾಗಿಲು ಹಾಕಿದಳು, ಕಿಟಕಿ ಹಾಕಿದಳು, ಪರದೆ ಎಳೆದಳು. ಚಕ್ರಣ್ಣನ ಕಣ್ಣು ತುಂಬಿ ಬಂತು. ಊರೆಲ್ಲ ಕೈಬಿಟ್ಟರೂ ಕಟ್ಟಿಕೊಂಡವಳು ಬಿಡಲಿಲ್ಲವಲ್ಲ!

“ನೀನಾದ್ರೂ ನನ್ನನ್ನ ನಂಬ್ತೀಯಾ?” ಎಂದು ಕೇಳಿದ.

“ನಂಬ್ದೇ ಇರ್ತೀನಾ?” ಎಂದಳು ಅವಳು ಮೆಲ್ಲಗೆ. “ಅವರೆಲ್ಲ ಏನೇ ಅನ್ನಲಿ, ಚಿನ್ನದ ತೊಟ್ಟಿಲಾಗಲಿ, ಬೆಳ್ಳಿ ಮಂಚವಾಗಲಿ ಈ ಮನೆಗೆ ಬಂದಿಲ್ಲ. ಅದನ್ನ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಅಟ್ಟ ನೋಡಿದೆ, ಹಾಸಿಗೆ ಕೆಳಗೆ ನೋಡಿದೆ, ಅಕ್ಕಿ ಡಬ್ಬಿಯೊಳಗೂ ಕೈ ಹಾಕಿ ನೋಡಿದೆ.”

ಚಕ್ರಣ್ಣ ನಿಟ್ಟುಸಿರು ಬಿಟ್ಟ. ಅವಳು ಇನ್ನೊಂದು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

“ಈಗ ಹೇಳಿ. ಎಲ್ಲಾನೂ ನಿಮ್ಮ ತಂಗಿ ಮನೆಗೆ ತಾನೇ ಸಾಗಿಸಿದ್ದು?”