ಕಣ್ಣಿಗೆ ಕಾಣದ ಪ್ಲಾಸ್ಟಿಕ್ಕೂ ಕಣ್ಣೆದುರಿನ ಮಾವನವರೂ

ನನ್ನ ಮಾವನವರು ವರ್ಷಕ್ಕೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಬರಲಿ, ಮಗಳ ಮನೆ, ಬೇಡ ಎನ್ನಲು ನಾನ್ಯಾರು? ಆದರೆ ಬಂದವರು ಒಂದು ತಿಂಗಳು ನನ್ನ ಸೋಫಾದ ಮೇಲೆ ಉದ್ದಕ್ಕೆ ಪವಡಿಸಿ, ಎದೆಯ ಮೇಲೆ ರೇಡಿಯೋ ಇಟ್ಟುಕೊಂಡು ನನ್ನ ಸಂಸಾರವನ್ನು ನಡೆಸುತ್ತಾರೆ. ರೈಲಿನ ಗಾರ್ಡ್ ಆಗಿದ್ದು ನಿವೃತ್ತರಾದವರು. ಈಗ ಹೊರಡಿಸಲು ರೈಲಿಲ್ಲ, ಅಳಿಯನಿದ್ದಾನೆ.

"ಅಳಿಯಂದ್ರೇ, ಸ್ನಾನಕ್ಕೆ ಹೊರಡಿ, ಆಗ್ಲೇ ಲೇಟು!"

ಈ ವರ್ಷ ಅವರು ಬರುವ ಕಾಲ ಹತ್ತಿರವಾದಾಗ ನನಗೊಂದು ಉಪಾಯ ಹೊಳೆಯಿತು. (ನನಗೆ ಉಪಾಯ ಹೊಳೆಯುವುದು ಅಪರೂಪ. ಹೊಳೆದಾಗಲೆಲ್ಲ ಮನೆಯಲ್ಲಿ ಏನಾದರೊಂದು ಒಡೆದಿದೆ.) ಗಾಳಿಯಲ್ಲಿ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಕಣಗಳು ತೇಲುತ್ತಿರುತ್ತವೆ, ಪಾಲಿಯೆಸ್ಟರ್ ಬಟ್ಟೆ, ಪರದೆ, ಸೋಫಾಗಳಿಂದ ಉದುರುತ್ತವೆ ಎಂದು ಪತ್ರಿಕೆಯ ಮುಖಪುಟದಲ್ಲಿ ಬಂದಿತ್ತು. ಮಾವನವರೋ ಅಡಿಯಿಂದ ಮುಡಿಯವರೆಗೆ ಪಾಲಿಯೆಸ್ಟರ್ ಪುರುಷ. ಮಿರಮಿರ ಮಿಂಚುವ ಟ್ರ್ಯಾಕ್‌ಸೂಟ್, ನೈಲಾನ್ ಕಾಲುಚೀಲ, ಕರಡಿಗಿಂತ ಹೆಚ್ಚು ರೋಮವಿರುವ ಹೊದಿಕೆ. ಇನ್ನೇನು ಬೇಕು?

ಹೆಂಡತಿಯನ್ನು ಕರೆದೆ. ಗವಾಕ್ಷಿಯಿಂದ ಬಿಸಿಲುಕೋಲು ಇಳಿದಿತ್ತು. ಅದರ ಪಕ್ಕದಲ್ಲಿ ಸೋಫಾಕ್ಕೆ ಎರಡು ಗುದ್ದು ಕೊಟ್ಟೆ. ಬೆಳಕಿನಲ್ಲಿ ಕೋಟಿ ಕಣಗಳು ಎದ್ದು ಕುಣಿದವು. (ಅದರಲ್ಲಿ ಹತ್ತಿ ಯಾವುದು, ಹಿಟ್ಟು ಯಾವುದು, ಪ್ಲಾಸ್ಟಿಕ್ ಯಾವುದು ಎಂದು ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಅದನ್ನು ಹೇಳುವ ಅಗತ್ಯ ನನಗೆ ಕಾಣಲಿಲ್ಲ.)

"ಅಯ್ಯೋ ದೇವರೇ! ಇಷ್ಟನ್ನೂ ನಾವು ಉಸಿರಾಡ್ತಿದೀವಾ?"

"ಉಸಿರಾಡೋದಲ್ಲ ಕಣೇ, ಮೂರು ಹೊತ್ತೂ ಉಣ್ತಿದೀವಿ."

"ಪಾಪ, ಅಪ್ಪನಿಗೆ ಮೊದಲೇ ಕೆಮ್ಮು..."

"ಅದಕ್ಕೇ ಹೇಳ್ತಿರೋದು," ಎಂದು ಗಂಟಲು ಗದ್ಗದ ಮಾಡಿಕೊಂಡೆ. "ಈ ಸಲ ಅವರು ಬರೋದು ಬೇಡ. ನಮ್ಮದು ಹೇಗೋ ಆಗತ್ತೆ, ಅವರ ವಯಸ್ಸಿಗೆ ಇದು ಆಗಿಬರಲ್ಲ."

ಹೆಂಡತಿ ನನ್ನನ್ನು ಮದುವೆಯಾದ ಹೊಸತರಲ್ಲಿ ನೋಡುತ್ತಿದ್ದ ಹಾಗೆ ನೋಡಿದಳು. ಆಮೇಲೆ ಸೆರಗಿಲ್ಲದಿದ್ದರೂ ಸೆರಗು ಬಿಗಿದವಳಂತೆ ನಿಂತು, "ಹಾಗಾದ್ರೆ ಮೊದಲು ಮನೆ ಸರಿ ಮಾಡೋಣ ರೀ," ಎಂದಳು.

ಇದು ನನ್ನ ಉಪಾಯದಲ್ಲಿ ಇರಲಿಲ್ಲ. ನಾನು ಪರದೆ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವವನು. ನಾನೇ ಆರಿಸಿ ತಂದು ನೇತುಹಾಕಿದ್ದ ಪರದೆಗಳು ಕೆಳಗಿಳಿದವು. ಜಮಖಾನೆ ಹೋಯಿತು, ದಿಂಬುಗಳು ಹೋದವು. ಕೊನೆಗೆ ಸೋಫಾವನ್ನು ಹಳೇ ಸಾಮಾನಿನವನು ಹೊತ್ತುಕೊಂಡು ಹೋದ. ಹೋಗಲಿ, ಸೋಫಾ ಇಲ್ಲದಿದ್ದರೆ ಮಾವನವರು ಮಲಗುವುದೆಲ್ಲಿ ಎಂದು ಸಮಾಧಾನ ಮಾಡಿಕೊಂಡೆ. ಇಲಿ ಬಂತೆಂದು ಮನೆಗೇ ಬೆಂಕಿಯಿಟ್ಟವನಿಗೂ ಹೀಗೇ ಸಮಾಧಾನವಾಗಿರಬೇಕು. ಪೊರಕೆಯೂ ನಿಷಿದ್ಧವಾಯಿತು. "ಗುಡಿಸಿದ್ರೆ ಮೇಲೇಳತ್ತೆ, ಒದ್ದೆ ಬಟ್ಟೇಲಿ ಒರೆಸಿ," ಎಂಬ ಅಪ್ಪಣೆಯಂತೆ ನಾನು ದಿನವೂ ಮಂಡಿಯೂರಿ ನೆಲ ಒರೆಸಿದೆ. ಮನೆ ಆಸ್ಪತ್ರೆಯ ಹಾಗೆ ಬೋಳಾಯಿತು, ನಾನು ರೋಗಿಯ ಹಾಗೆ ಬಗ್ಗಿದೆ.

ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ ಎಂದಿತಂತೆ. ಒಂದು ಬೆಳಿಗ್ಗೆ ಬಾಗಿಲಲ್ಲಿ ಸಾಮಾನಿನ ಗಾಡಿ ನಿಂತಿತು. ಮೊದಲು ಮರದ ಮಂಚ ಇಳಿಯಿತು, ಆಮೇಲೆ ಹತ್ತಿಯ ಹಾಸಿಗೆ, ಬೀರು, ಪಾತ್ರೆಪಗಡ, ಕೊನೆಗೆ ಮಾವನವರು. ಮೈಮೇಲೆ ಅಚ್ಚ ಹತ್ತಿಯ ಅಂಗಿ! ಬಂದವರೇ ನನ್ನನ್ನು ತಬ್ಬಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ಹೆತ್ತ ಮಗನೂ ನನ್ನ ಎದೆ ಬಗ್ಗೆ ಇಷ್ಟು ಯೋಚಿಸಿಲ್ಲ. ನೀವು ಸೋಫಾನೇ ಎಸೆದ್ರಂತೆ!"

"ಇಷ್ಟೊಂದು ಸಾಮಾನು..." ಎಂದೆ.

"ಅಪ್ಪನ ಮನೆ ಹೆದ್ದಾರಿ ಪಕ್ಕ ಅಲ್ವೇನ್ರೀ," ಎಂದಳು ಹೆಂಡತಿ. "ಗಾಡಿ ಓಡೋವಾಗ ಟಯರ್ ಸವೆದು ಅದರ ಪ್ಲಾಸ್ಟಿಕ್ ಧೂಳೂ ಗಾಳಿಗೆ ಸೇರತ್ತಂತೆ. ಒಳಪುಟದಲ್ಲಿತ್ತು, ನೀವು ಓದ್ಲಿಲ್ವಾ? ಫೋನಲ್ಲಿ ಅಪ್ಪನಿಗೆ ಪೂರ್ತಿ ಓದಿ ಹೇಳ್ದೆ."

ಪತ್ರಿಕೆಗೆ ಒಳಪುಟ ಯಾಕಿರುತ್ತದೋ!

"ನಮ್ಮ ಬಳಗದಲ್ಲೇ ನಿಮ್ಮನೆ ಗಾಳಿಯಷ್ಟು ಶುದ್ಧವಾದ ಗಾಳಿ ಇಲ್ಲ," ಎಂದರು ಮಾವನವರು. "ಅದಕ್ಕೇ ಆ ಮನೇನ ಟಯರ್ ಅಂಗಡಿಯವನ ಗೋಡೌನಿಗೆ ಕೊಟ್ಟುಬಿಟ್ಟೆ. ಇನ್ನು ಇಲ್ಲೇ."

ನಾನು ಓಡಿಹೋಗಿ ಬೀರುವಿಗೆ ಅಡ್ಡ ನಿಂತೆ. "ಮಾವ, ಅಷ್ಟೇನೂ ಭಯ ಬೇಡ. ಯಾವುದರಿಂದ ಎಷ್ಟು ತೊಂದರೆ ಅಂತ ವಿಜ್ಞಾನಿಗಳೇ ಇನ್ನೂ ಹುಡುಕ್ತಿದಾರೆ..."

"ಮತ್ತೆ ಸೋಫಾ ಯಾಕ್ರೀ ಎಸೆದ್ರಿ?" ಎಂದಳು ಹೆಂಡತಿ.

ಆ ಪ್ರಶ್ನೆಗೆ ಇದ್ದದ್ದು ಒಂದೇ ಉತ್ತರ. ಅದನ್ನು ಹೇಳಿದರೆ ನಾನು ಆ ಮನೆಯಲ್ಲಿ ಉಳಿಯುತ್ತಿರಲಿಲ್ಲ. "ಇಲ್ಲ ಇಲ್ಲ, ಭಯ ಪಡಬೇಕಾದ್ದೇ," ಎಂದು ಬೀರುವಿಗೆ ಹೆಗಲು ಕೊಟ್ಟೆ.

ಮರುದಿನ ಸಂಜೆ ಅಂಗಡಿಯಿಂದ ಬಂದಾಗ ಮಾವನವರು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಂಗೈ ಎತ್ತಿ ನನ್ನನ್ನು ನಿಲ್ಲಿಸಿದರು. ನನ್ನ ತೋಳು ಹಿಡಿದು ಇಳಿಬಿಸಿಲಿಗೆ ತಂದು ಒಂದು ಸಲ ಕೊಡವಿದರು. ಇಡೀ ದಿನ ಪರದೆ ಬಟ್ಟೆ ಕತ್ತರಿಸಿ, ಮಡಚಿ, ಹೊತ್ತವನ ಅಂಗಿ. ನನಗೇ ಗಾಬರಿಯಾಗುವಷ್ಟು ನಾರು ಹಾರಿತು.

"ನೋಡಮ್ಮಾ ಇಲ್ಲಿ!" ಎಂದು ಮಗಳನ್ನು ಕೂಗಿದರು. "ಈ ಮನೇಲಿ ಉಳಿದಿರೋ ಪ್ಲಾಸ್ಟಿಕ್ ಅಂದ್ರೆ ಇವರೊಬ್ರೇ!"

ಹೆಂಡತಿ ಬಂದು ನೋಡಿದಳು. ಒಳಗೆ ಹೋಗಿ ನನ್ನ ಚಾಪೆ, ಹೊದಿಕೆ ತಂದು ವರಾಂಡದಲ್ಲಿ ಹಾಸಿದಳು.

"ಬೇಜಾರು ಮಾಡ್ಕೋಬೇಡಿ. ಅಪ್ಪ ಹೇಳೋದರಲ್ಲೂ ಅರ್ಥ ಇದೆ ತಾನೇ?"

ಇದೆಯೆಂದು ತಲೆ ಅಲ್ಲಾಡಿಸಿದೆ. ತಲೆಯಿಂದಲೂ ಏನೋ ಉದುರಿತಂತೆ. ಮಾವನವರು ಮೂಗಿಗೆ ಕರವಸ್ತ್ರ ಹಿಡಿದು ಕುರ್ಚಿಯನ್ನು ಎರಡು ಮಾರು ಒಳಗೆ ಎಳೆದುಕೊಂಡು ಬಾಗಿಲು ಹಾಕಿದರು.