ಅಜ್ಜ ಶಾಂತಮೂರ್ತಿಯಾದ ಬಗೆ

ಸತ್ತ ಮರುದಿನವೇ ಮನುಷ್ಯರ ಸ್ವಭಾವ ಬದಲಾಗಿಬಿಡುವುದು ನಮ್ಮ ಕುರ್ಲಾದ ಚಾಳಿನಲ್ಲಿ ಮೇಲಿಂದ ಮೇಲೆ ನಡೆಯುತ್ತಲೇ ಇರುತ್ತದೆ. ಕುಡುಕ ದೈವಭಕ್ತನಾಗುತ್ತಾನೆ, ಜಿಪುಣ ದಾನಿಯಾಗುತ್ತಾನೆ. ಈ ಸಲ ನಮ್ಮ ಅಜ್ಜನ ಸರದಿ. ಅಜ್ಜ ತೀರಿಕೊಂಡು ಇಪ್ಪತ್ತೆರಡು ದಿನವಾಯಿತು. ನಾಲ್ಕನೆಯ ದಿನ ಗೇಟಿಗೆ ಕಟ್ಟಿದ ಬ್ಯಾನರಿನಲ್ಲಿ, ಅವನ ಫೋಟೋದ ಕೆಳಗೆ, ‘ಶಾಂತಮೂರ್ತಿ, ಮಿತಭಾಷಿ, ಅಜಾತಶತ್ರು’ ಎಂದು ಬರೆದಿತ್ತು. ಮೂರೂ ಸುಳ್ಳು.

ಅಜ್ಜ ಜಮಖಂಡಿಯಲ್ಲಿ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ರಿಟೈರಾದ ಮೇಲೆ ಅಜ್ಜಿಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದ. ಸಿಟ್ಟನ್ನೂ ತಂದ. ಅದನ್ನು ತನಗಾಗಿ ಬಳಸಿದ್ದು ಕಡಿಮೆ. ಬಾಯಿಲ್ಲದವರಿಗೆ ಕಡ ಕೊಡುತ್ತಿದ್ದ. ಬ್ಯಾನರ್ ಬರೆಸಿದ ಕನ್ನಡ ಸಂಘದ ಕಾರ್ಯದರ್ಶಿಗಳು ಶ್ರದ್ಧಾಂಜಲಿ ಸಭೆಯ ಭಾಷಣಕ್ಕೆಂದು ನನ್ನನ್ನು ಕೇಳಿದರು: “ಟೀಚರ್, ಮೂರ್ನಾಲ್ಕು ಪಾಯಿಂಟ್ ಬರ್ದುಕೊಡಿ. ಸ್ವಲ್ಪ ಎಮೋಷನಲ್ ಆಗಿರ್ಲಿ.”

ಆ ಸಭೆಯಲ್ಲಿ ಒಬ್ಬರಾದರೂ ಅಜ್ಜನನ್ನು ಅವನು ಇದ್ದ ಹಾಗೆ ನೆನೆಯಬೇಕು. ನನಗೆ ಬೇಕಾದದ್ದು ಅಷ್ಟೇ. ಹಾಗಾಗಿ ಮೊದಲಿನ ಮೂರು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ನಾಲ್ಕನೆಯದು ಆಮೇಲೆ ನಡೆದದ್ದು.

೧. ಒಳಗ ಸರೀರಿ

ಅಜ್ಜ ಮೊದಲ ಸಲ ಲೋಕಲ್ ರೈಲು ಹತ್ತಿದ ದಿನ ನಾನೂ ಅವನ ಜೊತೆ ಜನರಲ್ ಡಬ್ಬಿಗೇ ಹತ್ತಿದೆ. ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ಒಳಗೆ ಆರು ಜನ ನಿಲ್ಲುವಷ್ಟು ಜಾಗ ಖಾಲಿಯಿತ್ತು. ಹಸುಗೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ನಡುವೆ ಸಿಕ್ಕಿಕೊಂಡು ಒದ್ದಾಡುತ್ತಿದ್ದಳು. ಯಾರೂ ಅಲುಗಲಿಲ್ಲ. ಅಜ್ಜ ಕಂಬ ಹಿಡಿದು ಗುಡುಗಿದ: “ಏ, ಒಳಗ ಸರೀರಿ! ಒಳಗೇನ್ ಹುಲಿ ಕುಂತೈತೇನು?”

ಕನ್ನಡದ ಒಂದಕ್ಷರ ಬಾರದ ಇಡೀ ಡಬ್ಬಿ ಒಳಗೆ ಸರಿಯಿತು. ಒಬ್ಬ ಹೆದರುತ್ತ ಕೇಳಿದ, “ಚಾಚಾ, ಆಪ್ ಟಿಸಿ ಹೈ ಕ್ಯಾ?”

“ಕಂಡಕ್ಟರ್!” ಅಂದ ಅಜ್ಜ.

ಇಬ್ಬರು ಪಾಸ್ ತೆಗೆದು ತೋರಿಸಿದರು. ಸಾಯನ್ ಸ್ಟೇಷನ್ ಬಂದದ್ದೇ ತಡ, ಮೂವರು ಇಳಿದು ಓಡಿದರು.

೨. ಶೇಂಗಾ ಚಟ್ನಿ

ನಮ್ಮ ಚಾಳಿನ ಹಿಂದೆ ಕಟ್ಟಡ ಕೆಲಸ ಮಾಡುವ ಕಲಬುರಗಿ ಕಡೆಯ ತಾಯಿಯೊಬ್ಬಳಿದ್ದಳು. ಮಗಳನ್ನು ಶಾಲೆಗೆ ಸೇರಿಸಲು ಒಂದು ಕಾಗದಕ್ಕೆ ಸಹಿ ಬೇಕಿತ್ತು. ಕಚೇರಿಯ ಗುಮಾಸ್ತ ಮೂರು ಸಲವೂ “ಲಂಚ್ ಕೆ ಬಾದ್”, ಊಟವಾದ ಮೇಲೆ ಬಾ, ಅಂದು ಕಳಿಸಿದ್ದ. ಮೂರು ದಿನದ ಕೂಲಿ ಹೋಯಿತು. ಆ ಹುಡುಗಿ ನನ್ನ ತರಗತಿಯಲ್ಲಿ ಬೆಂಚಿನ ತುದಿಗೆ ಬಂದು ಕೂರುತ್ತಿದ್ದಳು. ಹಾಜರಿಯಲ್ಲಿ ಅವಳ ಹೆಸರು ಕರೆಯುವ ಹಾಗಿರಲಿಲ್ಲ. ಕೊನೆಯ ಹೆಸರು ಮುಗಿದ ಮೇಲೂ ಅವಳು ನನ್ನ ಮುಖ ನೋಡುತ್ತಿದ್ದಳು. ಆ ಗುಮಾಸ್ತನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನಾಲ್ಕನೆಯ ಸಲ ಅಜ್ಜ ಜೊತೆಗೆ ಹೋದ. ಗುಮಾಸ್ತನ ಎದುರಿಗೇ ಸ್ಟೂಲು ಎಳೆದು ಕೂತು, ರೊಟ್ಟಿ ಬುತ್ತಿ ಬಿಚ್ಚಿದ. “ತುಮ್ಹಾರಾ ಲಂಚ್ ಹೋನೇ ತಕ್ ಹಮಾರಾ ಭೀ ಲಂಚ್,” ಅಂದ. ವಾಸನೆಗೆ ಸೋತ ಗುಮಾಸ್ತ ಶೇಂಗಾ ಚಟ್ನಿಯನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡ. ಅದು ಅಜ್ಜಿ ಕುಟ್ಟಿದ ಖಾರ. ಕಣ್ಣು, ಮೂಗು ಎರಡೂ ಹರಿದವು. ನೀರಿನ ಬಾಟಲಿ ಅಜ್ಜನ ಕೈಯಲ್ಲಿತ್ತು. ಅಜ್ಜ ಮೊದಲು ಕಾಗದ ಮುಂದೆ ಸರಿಸಿದ, ಸಹಿ ಬಿದ್ದ ಮೇಲೆ ಬಾಟಲಿ.

ಸಾಲಿನಲ್ಲಿದ್ದ ಮುದುಕಿಯೊಬ್ಬಳು ಅವನು ಕಣ್ಣೀರು ಸುರಿಸುತ್ತ ಸಹಿ ಹಾಕುವುದನ್ನು ದೂರದಿಂದ ನೋಡಿ, ಮನ ಕರಗಿ ಪಕ್ಕದವಳಿಗೆ ಹೇಳಿದಳಂತೆ: “ದೇಖೋ, ರೋತೇ ರೋತೇ ಸಹಿ ಕರತಾ ಹೈ. ಕಿತನಾ ನರಮ್ ದಿಲ್ ಕಾ ಸಾಹೇಬ್!”

೩. ಸಂಘದ ಶಾಲು

ಸಾಂತಾಕ್ರೂಜಿನ ಹಾಲೊಂದರಲ್ಲಿ ಸಂಘದವರು ಒಂಬತ್ತು ಹಿರಿಯರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಹಿರಿಯರು ಒಂಬತ್ತು, ಶಾಲು ಒಂದು. ಹೊದಿಸುವುದು, ಫೋಟೋ ತೆಗೆಯುವುದು, ಹಿಂದಿನಿಂದ ಮೆಲ್ಲಗೆ ಎಳೆದುಕೊಂಡು ಮುಂದಿನವರಿಗೆ ಹೊದಿಸುವುದು. ನಾಲ್ವರು ತಲೆ ತಗ್ಗಿಸಿ ಬಿಟ್ಟುಕೊಟ್ಟರು. ಐದನೆಯವನು ಅಜ್ಜ. ಅವನು ಶಾಲಿನ ಎರಡೂ ತುದಿ ಬಿಗಿಯಾಗಿ ಹಿಡಿದುಕೊಂಡ.

ಕಾರ್ಯದರ್ಶಿಗಳು ಕಿವಿಯಲ್ಲಿ ಹೇಳಿದರು: “ಅಜ್ಜ, ಸನ್ಮಾನ ನಿಮ್ದು, ಶಾಲು ಸಂಘದ್ದು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.”

ಮೈಕ್ ಹತ್ತಿರವೇ ಇತ್ತು. ಅಜ್ಜನ ಉತ್ತರ ಹಾಲಿಗೆಲ್ಲ ಕೇಳಿತು: “ತುಂಬಿದ ಸಭಾದಾಗ ಮೈಮ್ಯಾಲಿನ ಅರಿವಿ ಕಳಿತೀಯೇನೋ? ತಡಿ, ಧೋತರಾನೂ ಬೇಕೇನು?”

ಶಾಲು ಹೊದ್ದೇ ಕುರ್ಲಾಕ್ಕೆ ಬಂದ. ಉಳಿದ ನಾಲ್ವರಿಗೆ ವೇದಿಕೆಯ ಟೇಬಲ್ ಕ್ಲಾತ್ ಹೊದಿಸಿದರು. ಆರನೆಯ ಹಿರಿಯರ ಫೋಟೋದಲ್ಲಿ ಚಹಾ ಕಪ್ಪಿನ ದುಂಡನೆಯ ಕಲೆ ಎದೆಯ ಮೇಲೆ ಪದಕದ ಹಾಗೆ ಕಾಣುತ್ತದೆ.

೪. ಶ್ರದ್ಧಾಂಜಲಿ

ಹೋದ ಭಾನುವಾರ ಹಾಲೊಂದರಲ್ಲಿ ಸಭೆ. ಮುಂದಿನ ಸಾಲಿನ ಎಂಟು ಕುರ್ಚಿಗಳ ಮೇಲೂ ಒಂದೊಂದು ಕರ್ಚೀಫು ಹಾಸಿತ್ತು. ಎಂಬತ್ತೊಂದು ವರ್ಷದ ಅಜ್ಜಿ, ಎರಡೂ ಮೊಣಕಾಲು ಊದಿದವಳು, ಗೋಡೆಗೆ ಒರಗಿ ನಿಂತಿದ್ದಳು.

“ಗೆಸ್ಟ್ ಬರ್ತಾರೆ ಟೀಚರ್,” ಅಂದರು ಕಾರ್ಯದರ್ಶಿಗಳು. “ಅಜ್ಜಿಗೆ ಹಿಂದ್ಗಡೆ ಒಂದು ಚೇರ್ ಹಾಕಿಸ್ತೀನಿ.”

ಸತ್ತವನ ಹೆಂಡತಿಗೆ ಹಿಂದೆ, ಬಾರದವರ ಕರ್ಚೀಫಿಗೆ ಮುಂದೆ. ನಾನು ಎಂಟನ್ನೂ ಒಂದೊಂದಾಗಿ ಎತ್ತಿ, ನಾಲ್ಕು ಮಡಿಕೆ ಮಡಚಿ, ಅವರ ಕೈಗಿಟ್ಟೆ. ಅಜ್ಜಿಯನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದೆ. ಪಕ್ಕದಲ್ಲಿ ನಾನೂ ಕೂತೆ.

ಕಾರ್ಯದರ್ಶಿಗಳ ಭಾಷಣ ಶುರುವಾಯಿತು. ನನ್ನ ಹಾಳೆ ಅವರ ಜೇಬಿನಿಂದ ಹೊರಗೆ ಬರಲೇ ಇಲ್ಲ. “ಇಂಥ ಸೌಮ್ಯ ಜೀವಿಯನ್ನು ನಾನು ಕಂಡಿಲ್ಲ. ಅವರು ಎಂದೂ ದನಿ ಏರಿಸಿದವರಲ್ಲ. ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಸಂಘ ಕೊಟ್ಟದ್ದನ್ನು ಪ್ರಸಾದವೆಂದು ಸ್ವೀಕರಿಸಿದರು…” ಎದ್ದು ನಿಂತು ಮಾತಾಡಲೇಬೇಕೆಂದು ನಾನು ಸೆರಗು ಸರಿಮಾಡಿಕೊಂಡೆ. ಅಷ್ಟರಲ್ಲಿ ಅಜ್ಜಿ ನನ್ನ ಮಣಿಕಟ್ಟು ಹಿಡಿದಳು. ಅವಳಿಗೆ ಕಿವಿ ಮಂದ, ಮೆಲ್ಲಗೆ ಮಾತಾಡುವುದು ಗೊತ್ತಿಲ್ಲ.

“ಯವ್ವಾ, ಇಂವ ಯಾರ ಸುದ್ದಿ ಹೇಳಾಕತ್ತಾನ?”

“ಅಜ್ಜಂದು,” ಅಂದೆ.

ಅಜ್ಜಿ ಇನ್ನೂ ಎರಡು ವಾಕ್ಯ ಗಮನವಿಟ್ಟು ಕೇಳಿದಳು. ಆಮೇಲೆ ಕೋಲು ಊರಿ ಎದ್ದಳು.

“ಏಳವ್ವಾ, ನಾವು ಹಾಲ್ ತಪ್ಪಿ ಬಂದೀವಿ. ನಮ್ಮಂವನ ಸಭಾ ಎಲ್ಲಿ ನಡದೈತಿ ಕೇಳು.”