ಪೆಟ್ಟಿಗೆ ಸುಸ್ತಿಯಾದ ದಿನ

ಬೆಳಿಗ್ಗೆ ಎಂಟೂವರೆಗೆ ಕರೆಂಟು ಹೋಯಿತು. ಐದೇ ನಿಮಿಷದಲ್ಲಿ ಬಂದೂಬಿಟ್ಟಿತು. ಬೀದಿಯವರೆಲ್ಲ ಅದನ್ನು ಅಲ್ಲಿಗೇ ಮರೆತರು. ಕಾಗುಣಿತಪ್ಪನ ಮನೆಯಲ್ಲಿ ಮಾತ್ರ ಕರೆಂಟಿನ ಜೊತೆ ಶನಿಯೂ ಬಂದು ವಕ್ಕರಿಸಿತು.

ಕಾಗುಣಿತಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಟ್ಟಡದವರು ಇಟ್ಟದ್ದು. ಮುದ್ರಣಾಲಯದಲ್ಲಿ ಇಪ್ಪತ್ತೆಂಟು ವರ್ಷ ಕರಡು ತಿದ್ದಿದ ಮನುಷ್ಯ. ಮೆಟ್ಟಿಲ ಬಳಿ ‘ನೀರು ಬರುವುದಿಲ್ಲ’ ಎಂದು ಚೀಟಿ ಅಂಟಿಸಿದರೆ ಉಳಿದವರು ಬಿಂದಿಗೆ ಹುಡುಕುತ್ತಿದ್ದರು. ಇವನು ಕೆಂಪು ಪೆನ್ನು ಹುಡುಕುತ್ತಿದ್ದ. ನಾಲ್ಕು ತಿಂಗಳ ಹಿಂದೆ ಮುದ್ರಣಾಲಯಕ್ಕೆ ಬೀಗ ಬಿತ್ತು. ಅಂದಿನಿಂದ ಮನೆ ನಡೆಯುತ್ತಿದ್ದುದು ಹೆಂಡತಿಯ ನರ್ಸ್ ಕೆಲಸದಿಂದ. ಆಕೆ ಒಂದು ದಿನವೂ ಚುಚ್ಚಿ ಮಾತಾಡಿದವಳಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆ ದಿನ ಸಂಜೆ ನಾಲ್ಕಕ್ಕೆ ಕಂಪ್ಯೂಟರಿನಲ್ಲಿ ಸಂದರ್ಶನ. ದೂರದ ಊರಿನ ಅನುವಾದ ಕಚೇರಿ. ಮನೆಯಲ್ಲೇ ಕೂತು ಕರಡು ತಿದ್ದುವ ಕೆಲಸ. ಐವತ್ತೆರಡರ ವಯಸ್ಸಿನಲ್ಲಿ ಇದೂ ತಪ್ಪಿದರೆ ಇನ್ನೊಂದು ಸಿಕ್ಕೀತೆಂಬ ಆಸೆ ಯಾರಿಗೂ ಇರಲಿಲ್ಲ.

“ಆ ನೀಲಿ ಶರ್ಟ್ ಇಸ್ತ್ರಿ ಮಾಡಿಟ್ಟಿದೀನಿ. ಧೈರ್ಯವಾಗಿ ಮಾತಾಡಿ,” ಎಂದು ಹೇಳಿ ಹೆಂಡತಿ ಆಸ್ಪತ್ರೆಗೆ ಹೊರಟಳು. ಮಗಳು ಆಗಲೇ ಕಾಲೇಜಿಗೆ ಹೋಗಿದ್ದಳು.

ಒಂದು ಸಲ ಎಲ್ಲ ಸರಿಯಿದೆಯೋ ನೋಡಿಬಿಡೋಣವೆಂದು ಕಂಪ್ಯೂಟರ್ ತೆರೆದರೆ, ನೆಟ್ ಇಲ್ಲ! ಗೋಡೆಯ ಮೇಲಿನ ವೈಫೈ ಪೆಟ್ಟಿಗೆಯಲ್ಲಿ ಹಸಿರು ದೀಪಗಳೆಲ್ಲ ಮಿನುಗುತ್ತಿವೆ, ಅದರ ಹೆಸರೂ ಕಾಣುತ್ತಿದೆ, ಆದರೆ ಒಂದು ಪುಟವೂ ತೆರೆಯದು. ಕೈಯಲ್ಲಿರುವುದು ಬಟನ್ ಫೋನು; ಅದರಿಂದ ನಾಲ್ಕು ಮಾತಾಡಬಹುದು, ಅಷ್ಟೇ.

ಕಪಾಟಿನ ತಳದಿಂದ ಪೆಟ್ಟಿಗೆಯ ಕೈಪಿಡಿ ಹುಡುಕಿ ತೆಗೆದ. ಕನ್ನಡದಲ್ಲೇ ಇತ್ತು. ಮೊದಲ ಪುಟದಲ್ಲೇ ‘ಬೆಂಕಿಗೋಡೆಯನ್ನು ಸದಾ ಉರಿಸಿಡತಕ್ಕದ್ದು’ ಎಂದಿತ್ತು. ಎರಡನೆಯದರಲ್ಲಿ ‘ಸುಸ್ತಿ ಬಳಕೆದಾರನು ಕೂಡಲೇ ಗುಪ್ತಪದವನ್ನು ಬದಲಿಸತಕ್ಕದ್ದು.’ ಅಲ್ಲಲ್ಲಿ ಒತ್ತಕ್ಷರ, ದೀರ್ಘಗಳೂ ತಪ್ಪಿದ್ದವು. ಕಾಗುಣಿತಪ್ಪನ ಕೈ ತಡೆಯಲಿಲ್ಲ. ಕೆಂಪು ಪೆನ್ನು ಹೊರಬಂತು. ಒಂದು ತಾಸು ಕಳೆದರೂ ಅವನು ತಿದ್ದುತ್ತಲೇ ಇದ್ದ. ಜೀವಮಾನವೆಲ್ಲ ಅಕ್ಷರ ನೋಡಿದವನು, ಅರ್ಥ ನೋಡುವುದು ಅವನ ಕೆಲಸವೇ ಆಗಿರಲಿಲ್ಲ.

ಅಷ್ಟರಲ್ಲಿ ಕೆಳಗಿನ ಮನೆಯ ವಸೂಲಿ ಸಾಹೇಬರು ಪೇಪರ್ ಕೇಳಲು ಬಂದರು. ಬ್ಯಾಂಕಿನ ವಸೂಲಿ ವಿಭಾಗದಲ್ಲಿ ನಿವೃತ್ತರಾದವರು, ಬಲು ಮರುಕದ ಮನುಷ್ಯ. ನೆಟ್ ಹೋಗಿದೆಯೆಂದು ಕಾಗುಣಿತಪ್ಪ ಹೇಳುತ್ತಿದ್ದಂತೆ ಮೇಜಿನ ಮೇಲಿದ್ದ ಕೈಪಿಡಿಯತ್ತ ಕಣ್ಣು ಹಾಯಿಸಿದವರೇ ಗಕ್ಕನೆ ನಿಂತರು. ಸುಸ್ತಿ ಎಂದರೆ ಅವರಿಗೆ ಒಂದೇ ಅರ್ಥ: ಸಾಲ ತಗೊಂಡು ಕಟ್ಟದಿರುವುದು.

“ಏನ್ರೀ ಇದು! ‘ಸುಸ್ತಿ ಬಳಕೆದಾರನು ಕೂಡಲೇ...’ ನೋಟಿಸ್ ಬಂದಿದೆಯಾ? ಅದಕ್ಕೇ ನೆಟ್ ಕಿತ್ತುಹಾಕಿದಾರಾ?”

“ಛೇ ಛೇ, ಇದು ನೋಟಿಸ್ ಅಲ್ಲ ಸಾರ್, ಪೆಟ್ಟಿಗೆ ಪುಸ್ತಕ.”

“ಇರಲಿ ಬಿಡಿ. ಮೊದಲನೇ ದಿನ ಎಲ್ಲರೂ ಹೀಗೇ ಹೇಳೋದು. ನಾನು ಯಾರಿಗೂ ಹೇಳಲ್ಲ.” ಬೆನ್ನು ತಟ್ಟಿದರು. “ಯಾವುದಕ್ಕೂ ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡೋಣ.”

ಟಪ್ ಎಂದು ಆರಿಸಿ, ಟಪ್ ಎಂದು ಹಾಕಿ, ಮತ್ತೆ ಬೆನ್ನು ತಟ್ಟಿ ಹೋದರು. ನೆಟ್ ಬರಲಿಲ್ಲ.

ಯಾರಿಗೂ ಹೇಳುವುದಿಲ್ಲ ಎಂದಿದ್ದ ಸಾಹೇಬರು ಮೆಟ್ಟಿಲಿಳಿಯುವುದರೊಳಗೆ ಇಬ್ಬರಿಗೆ ಹೇಳಿದ್ದರೆಂದು ಕಾಣುತ್ತದೆ. ಹನ್ನೊಂದಕ್ಕೆ ಎದುರುಮನೆಯ ಟೈಲರಮ್ಮ ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡೇ ಬಂದಳು.

“ಅಣ್ಣ, ತಪ್ಪು ತಿಳ್ಕೋಬೇಡಿ. ಅತ್ತಿಗೆಗೆ ಗೊತ್ತಾ?”

“ಏನು ಗೊತ್ತಾ?”

“ಅದೇ... ಸುಸ್ತಿ ವಿಷಯ. ಹೇಳಿಬಿಡಿ ಅಣ್ಣ, ಮುಚ್ಚಿಟ್ಟಷ್ಟೂ ಕಷ್ಟ.”

ಅವನು ಕೈಪಿಡಿ ತೋರಿಸಿ ವಿವರಿಸಿದ. ಆಕೆ ಲೊಚಗುಟ್ಟುತ್ತ ಎಲ್ಲ ಕೇಳಿಸಿಕೊಂಡು, ಒಂದನ್ನೂ ನಂಬದೆ, ಹೋಗುವಾಗ ಪೆಟ್ಟಿಗೆಯನ್ನು ಆರಿಸಿ ಹಾಕಿದಳು. “ನಮ್ಮನೇಲಿ ಹೀಗೆ ಮಾಡಿದ್ರೆ ಬರುತ್ತಪ್ಪ.”

“ನಿಮ್ಮನೇಲಿ ನೆಟ್ ಇದೆಯಲ್ಲ! ನಾಲ್ಕು ಗಂಟೆಗೆ ಅರ್ಧ ಗಂಟೆ ಬಂದು ಕೂತ್ಕೊಳ್ಳಲಾ, ತಂಗಿ?”

ಟೈಲರಮ್ಮನ ಮುಖ ಬದಲಾಯಿತು. “ನಮ್ದೂ ಬೆಳಿಗ್ಗೆಯಿಂದ ಇಲ್ಲ ಅಣ್ಣ.” ಅದೇ ಹೊತ್ತಿಗೆ ಎದುರುಮನೆಯೊಳಗಿಂದ ಅವಳ ಮೊಮ್ಮಗು ನೋಡುತ್ತಿದ್ದ ಕಾರ್ಟೂನಿನ ಇಲಿ ಕಿಚಿಕಿಚಿ ನಕ್ಕಿತು. ಸುಸ್ತಿಯೆಂಬುದು ಕಜ್ಜಿಯ ಹಾಗೆ ಮುಟ್ಟಿದರೆ ಹತ್ತುತ್ತದೆಂದು ಆಕೆಯ ಭಯ. ಪಾಪ, ಕೆಟ್ಟವಳಲ್ಲ.

ಎರಡೂವರೆಗೆ ಮೇಲಿನ ಮನೆಯ ಮಿಕ್ಸಿ ರಿಪೇರಿಯವನು ತಾನಾಗಿಯೇ ಬಂದ. ಪೆಟ್ಟಿಗೆಯ ಮೇಲೆ ಕೈಯಿಟ್ಟು, ಜ್ವರ ನೋಡುವ ಡಾಕ್ಟರಂತೆ ಕಣ್ಣು ಮುಚ್ಚಿದ.

“ಕಾದುಹೋಗಿದೆ ಸಾರ್. ಸ್ವಲ್ಪ ಹೊತ್ತು ಆಫ್ ಮಾಡಿ ರೆಸ್ಟ್ ಕೊಡಬೇಕು.”

“ಮುಟ್ಟಬೇಡಪ್ಪಾ, ಬೆಳಿಗ್ಗೆಯಿಂದ ಎಲ್ಲರೂ ಅದನ್ನೇ ಮಾಡಿದಾರೆ.”

“ಅವರು ಮಾಡೋದಕ್ಕೂ ನಾನು ಮಾಡೋದಕ್ಕೂ ವ್ಯತ್ಯಾಸ ಇಲ್ವಾ?” ಟಪ್. ಹತ್ತು ನಿಮಿಷ ಬಿಟ್ಟು ಮತ್ತೆ ಟಪ್. ನೆಟ್ ಬರಲಿಲ್ಲ. “ದುಡ್ಡು ಬೇಡ ಸಾರ್, ನಿಮ್ಮ ಪರಿಸ್ಥಿತಿ ಗೊತ್ತಿದೆ,” ಎಂದು ಗದ್ಗದಿತನಾಗಿ ಹೊರಟುಹೋದ.

ಮೂರೂವರೆ. ನೀಲಿ ಶರ್ಟು ತೊಟ್ಟು ಕಾಗುಣಿತಪ್ಪ ಸತ್ತ ಕಂಪ್ಯೂಟರಿನ ಮುಂದೆ ಕೂತಿದ್ದ. ಸಂಜೆ ಹೆಂಡತಿ ಬಂದು, ಏನಾಯಿತು ಎಂದು ಕೇಳದೆ, ಸುಮ್ಮನೆ ಬಟ್ಟೆ ಬದಲಿಸಲು ಒಳಗೆ ಹೋಗುವುದು ಕಣ್ಣಿಗೆ ಕಟ್ಟಿತು. ಅಳು ಬಂದುಬಿಟ್ಟಿತು. ಅಳುತ್ತ ಕೂರಲು ನಾಚಿಕೆಯಾಗಿ ಕೈಪಿಡಿ ಎತ್ತಿಕೊಂಡ. ತಿದ್ದಲು ಇನ್ನೇನೂ ಉಳಿದಿರಲಿಲ್ಲವಾದ್ದರಿಂದ, ಜನ್ಮದಲ್ಲಿ ಮೊದಲ ಬಾರಿಗೆ, ಅರ್ಥಕ್ಕಾಗಿ ಓದಿದ.

‘ವಿದ್ಯುತ್ ಕಡಿದು ಮರಳಿದಾಗ ಪೆಟ್ಟಿಗೆಯ ಗಡಿಯಾರವು ಸುಸ್ತಿ ಸಮಯವಾದ ಮಧ್ಯರಾತ್ರಿಗೆ ಹಿಂದಿರುಗುತ್ತದೆ.’

ಸುಸ್ತಿ ಸಮಯ? ಯಾವುದಪ್ಪ ಅದು? ಥಟ್ಟನೆ ಹೊಳೆಯಿತು. ಡೀಫಾಲ್ಟ್! ಸಾಲ ಕಟ್ಟದಿದ್ದರೂ ಡೀಫಾಲ್ಟೇ, ಯಂತ್ರ ಕಾರ್ಖಾನೆಯಿಂದ ಬಂದಾಗ ಇದ್ದ ಸ್ಥಿತಿಯೂ ಡೀಫಾಲ್ಟೇ. ಅನುವಾದ ಮಾಡಿದ ಪುಣ್ಯಾತ್ಮರು ಬ್ಯಾಂಕಿನ ಪದವನ್ನು ತಂದು ಪೆಟ್ಟಿಗೆಗೆ ಅಂಟಿಸಿದ್ದರು.

ಉಳಿದದ್ದೂ ಆಗ ಬಿಡಿಸಿಕೊಂಡಿತು. ಮಗಳು ರಾತ್ರಿಯಿಡೀ ಫೋನು ನೋಡುತ್ತಾಳೆಂದು ಅವನೇ ಹೋದ ವಾರ ಹಟ ಮಾಡಿ ಪೆಟ್ಟಿಗೆಗೆ ಬೀಗ ಹಾಕಿಸಿದ್ದ: ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಮನೆಯಲ್ಲಿ ಯಾರಿಗೂ ನೆಟ್ ಇಲ್ಲ. ಕರೆಂಟು ಹೋಗಿ ಬಂದಾಗ ಪೆಟ್ಟಿಗೆಗೆ ಮಧ್ಯರಾತ್ರಿಯಾಗಿತ್ತು. ಸಾಹೇಬರು ಆರಿಸಿ ಹಾಕಿದಾಗ ಮತ್ತೆ ಮಧ್ಯರಾತ್ರಿ. ಟೈಲರಮ್ಮ, ಮಿಕ್ಸಿಯವನು, ಒಬ್ಬೊಬ್ಬರೂ ಬಂದು ಅದನ್ನು ಹೊಸದಾಗಿ ಮಲಗಿಸಿ ಹೋಗಿದ್ದರು!

‘ಸೂಜಿರಂಧ್ರವನ್ನು ಹತ್ತೆಣಿಕೆ ಚುಚ್ಚಿದಲ್ಲಿ ಪೆಟ್ಟಿಗೆಯು ಕಾರ್ಖಾನೆಯ ಸುಸ್ತಿಗೆ ಮರಳುತ್ತದೆ.’ ಅಂದರೆ ಹಾಕಿಸಿದ ಬೀಗವೂ ಮಾಯ! ಸೇಫ್ಟಿ ಪಿನ್ ತಂದು ಚುಚ್ಚಿದ. ದೀಪಗಳೆಲ್ಲ ಆರಿ ಹೊತ್ತಿದವು. ಪೆಟ್ಟಿಗೆಯ ಬೆನ್ನಿಗೆ ಅಂಟಿಸಿದ್ದ ಚೀಟಿಯಲ್ಲಿನ ಗುಪ್ತಪದವನ್ನು, ಅಂದರೆ ಪಾಸ್‌ವರ್ಡನ್ನು, ಕಂಪ್ಯೂಟರಿನಲ್ಲಿ ಒತ್ತಿದ. ಮೂರು ಐವತ್ತೆಂಟಕ್ಕೆ ನೆಟ್ ಬಂತು. ಕಾಗುಣಿತಪ್ಪ ಪೆಟ್ಟಿಗೆಗೆ ಕೈಮುಗಿದ.

ಪರದೆಯ ಮೇಲೆ ಕಚೇರಿಯ ಮುಖ್ಯಸ್ಥೆ ಕಾಣಿಸಿಕೊಂಡರು. ಕನ್ನಡಕ, ಬಿಗಿದ ತುಟಿ. ಒಂದು ಪುಟ ತೋರಿಸಿ, “ಇದರಲ್ಲಿ ತಪ್ಪು ಹುಡುಕಿ,” ಎಂದರು. ಅವನು ಎರಡೇ ನಿಮಿಷದಲ್ಲಿ ಹತ್ತೊಂಬತ್ತು ಹೇಳಿದ.

“ನಾವು ಬೇಕಂತ ಹಾಕಿದ್ದು ಹನ್ನೆರಡೇ!” ಮುಖ್ಯಸ್ಥೆ ನಕ್ಕರು. ಕಾಗುಣಿತಪ್ಪನಿಗೆ ಹೋದ ಜೀವ ಬಂದಂತಾಯಿತು.

“ಕೆಲಸ ನಿಮಗೇ ಅಂತ ಹೇಳೋಣ ಅನ್ಕೊಂಡಿದ್ದೆ,” ಎಂದವರು ದನಿ ತಗ್ಗಿಸಿದರು. “ಆದ್ರೆ ಅರ್ಜೀಲಿ ಪರಿಚಯದವರು ಅಂತ ನಿಮ್ಮ ಕೆಳಗಿನ ಮನೆಯವರ ನಂಬರ್ ಕೊಟ್ಟಿದ್ರಲ್ಲ, ಮಧ್ಯಾಹ್ನ ಫೋನ್ ಮಾಡಿದ್ವಿ. ತುಂಬಾ ಹೊಗಳಿದ್ರು. ‘ಚಿನ್ನದಂಥ ಮನುಷ್ಯ, ಪಾಪ, ಸುಸ್ತಿದಾರ ಆಗಿಬಿಟ್ಟ’ ಅಂದ್ರು. ನಮಗೆ ಬ್ಯಾಂಕುಗಳ ಕೆಲಸವೇ ಜಾಸ್ತಿ. ಸುಸ್ತಿದಾರರನ್ನ ಹೇಗೆ ತಗೊಳ್ಳೋದು?”

ಕಾಗುಣಿತಪ್ಪ ಗಟ್ಟಿಯಾಗಿ ನಕ್ಕುಬಿಟ್ಟ. “ಅಯ್ಯೋ ಮೇಡಂ, ಇಷ್ಟೇನಾ! ನನ್ನದು ಒಂದು ಕಾಸೂ ಸಾಲ ಇಲ್ಲ. ಎಲ್ಲಾ ಈ ಪೆಟ್ಟಿಗೆ ಪುಸ್ತಕದ ತಪ್ಪು. ಡೀಫಾಲ್ಟ್ ಅನ್ನೋ ಕಡೆಯೆಲ್ಲ ಸುಸ್ತಿ ಅಂತ ಬರೆದಿದಾರೆ, ನೋಡಿ!” ಕೆಂಪು ಕೆಂಪಾಗಿದ್ದ ಪುಟಗಳನ್ನು ಕ್ಯಾಮೆರಾಕ್ಕೆ ಹಿಡಿದು ಒಂದೊಂದಾಗಿ ತಿರುವಿದ.

ಮುಖ್ಯಸ್ಥೆ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

“ಅದು ನಮ್ಮ ಕಚೇರಿ ಪುಸ್ತಕ. ಅನುವಾದ ನನ್ನದು. ಇಷ್ಟು ವರ್ಷದಲ್ಲಿ ಯಾರೂ ಒಂದು ತಪ್ಪು ತೋರಿಸಿಲ್ಲ.” ಕ್ಯಾಮೆರಾದ ಹತ್ತಿರಕ್ಕೆ ಬಾಗಿ ಕೇಳಿದರು. “ಈಗ ನೀವು ಹೇಳಿ. ಅದರಲ್ಲಿ ತಪ್ಪಿದೆಯಾ?”

ಕಾಗುಣಿತಪ್ಪ ಕೈಪಿಡಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ತಪ್ಪಿಲ್ಲ ಎಂದರೆ ತಾನು ಸುಸ್ತಿದಾರ. ತಪ್ಪಿದೆ ಎಂದರೆ ಈಕೆ ದಡ್ಡಿ. ಎರಡರಲ್ಲಿ ಯಾವುದು ಹೇಳಿದರೂ ಕೆಲಸವಿಲ್ಲ. ಹಾಗಿದ್ದ ಮೇಲೆ ಸುಳ್ಳಾದರೂ ಯಾಕೆ ಹೇಳಬೇಕು?

“ಇದೆ, ಮೇಡಂ,” ಎಂದ. “ಮೂವತ್ತೇಳು.”

ಪರದೆ ಕಪ್ಪಾಯಿತು. ಅವನು ತಲೆಯೆತ್ತಿ ಗೋಡೆಯ ಕಡೆ ನೋಡಿದ. ಪೆಟ್ಟಿಗೆಯಲ್ಲಿ ದೀಪಗಳೆಲ್ಲ ಹಸಿರಾಗಿಯೇ ಉರಿಯುತ್ತಿದ್ದವು. ಈ ಸಲ ಹೋದದ್ದು ನೆಟ್ ಅಲ್ಲ.